ಅಗಸೆ ಎಣ್ಣೆ, ಗಾಜಿನ ಪರದೆ

ಪರದೆಯ ಮೇಲೆ ಚಿತ್ರ ಬರೆಯುವವರು ಒಂದಲ್ಲ ಒಂದು ದಿನ ಎಡವುವ ಜಾಗ ಇದು: ಅಚ್ಚ ನೀಲಿಯನ್ನೂ ಅಚ್ಚ ಹಳದಿಯನ್ನೂ ಸಮನಾಗಿ ಬೆರೆಸಿದರೆ ಹಸಿರು ಬರುವುದಿಲ್ಲ, ಬೂದಿ ಬಣ್ಣ ಬರುತ್ತದೆ. ಎರಡನೇ ತರಗತಿಯ ಮಗುವೂ ಬಣ್ಣದ ಡಬ್ಬಿಯ ಮುಚ್ಚಳದಲ್ಲಿ ಈ ಎರಡನ್ನು ಕಲಸಿ ಮರದ ಎಲೆಗೆ ಹಚ್ಚುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ಬಹುಕಾಲ ಒಲಿಯಲಿಲ್ಲ. ಅದರ ಲೆಕ್ಕದಲ್ಲಿ ಬಣ್ಣವೆಂದರೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಸೂಚಿಸುವ ಮೂರು ಅಂಕಿ. ನೀಲಿಗೆ 0, 0, 255. ಹಳದಿಗೆ 255, 255, 0. ಎರಡರ ಸರಾಸರಿ ತೆಗೆದರೆ ಮೂರೂ ಕಡೆ ಸುಮಾರು 127 ಬರುತ್ತದೆ, ಅದು ಬೂದಿ. ಲೆಕ್ಕ ಸರಿ, ಬಣ್ಣ ತಪ್ಪು.

ತಪ್ಪು ಎಲ್ಲಿದೆ ಎಂಬುದು ತಿಳಿಯದ ವಿಷಯವಾಗಿರಲಿಲ್ಲ. ಬಣ್ಣದ ಪದರದೊಳಗೆ ಹೊಕ್ಕ ಬೆಳಕಿನಲ್ಲಿ ಎಷ್ಟು ಭಾಗ ಹೀರಿಹೋಗುತ್ತದೆ, ಎಷ್ಟು ಚದುರಿ ಮತ್ತೆ ಕಣ್ಣಿಗೆ ಬರುತ್ತದೆ ಎಂಬುದಕ್ಕೆ ಪೌಲ್ ಕುಬೆಲ್ಕಾ ಮತ್ತು ಫ್ರಾಂಜ್ ಮುಂಕ್ 1931ರಲ್ಲೇ ಸೂತ್ರ ಬರೆದಿದ್ದರು. ಆ ಸೂತ್ರವನ್ನು ಚಿತ್ರ ಬರೆಯುವ ಸಾಮಾನ್ಯ ತಂತ್ರಾಂಶಗಳು ಸಲೀಸಾಗಿ ಬಳಸುವಂತೆ ಮಾಡಿಕೊಟ್ಟದ್ದು 2021ರಲ್ಲಿ, ಪ್ರಾಗ್ ನಗರದ ಇಬ್ಬರು ಸಂಶೋಧಕರು. ಅವರ 'ಮಿಕ್ಸ್‌ಬಾಕ್ಸ್' ವಿಧಾನವನ್ನು 'ರೆಬೆಲ್' ಎಂಬ ತಂತ್ರಾಂಶ ಒಳಗೆ ತೆಗೆದುಕೊಂಡ ಮೇಲೆ ಪರದೆಯಲ್ಲಿಯೂ ನೀಲಿ, ಹಳದಿ ಸೇರಿ ಹಸಿರಾಯಿತು. ಬಣ್ಣ ಅರೆಯುವ ಹುಡುಗನಿಗೆ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಗೊತ್ತಾಗುತ್ತಿದ್ದ ಸಂಗತಿಯನ್ನು ಯಂತ್ರ ಇಷ್ಟು ತಡವಾಗಿ ಕಲಿತಿತು.

ಡಿಜಿಟಲ್ ಚಿತ್ರಕಲೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಯಂತ್ರದಿಂದ ಶುರುಮಾಡುತ್ತಾರೆ. ಅದರ ಬೇರು ಇರುವುದು ಅಗಸೆ ಬೀಜದಲ್ಲಿ. ಲೇಯರ್, ಒಪಾಸಿಟಿ, ಬ್ಲೆಂಡ್, ಕ್ಯಾನ್ವಾಸ್, ಪ್ಯಾಲೆಟ್ ಎಂದು ಇಂದು ಗುಂಡಿ ಒತ್ತುವವರು ಬಳಸುವ ಮಾತುಗಳ ಹಿಂದೆ ಎಣ್ಣೆಬಣ್ಣದವರ ಐನೂರು, ಆರುನೂರು ವರ್ಷಗಳ ಅಭ್ಯಾಸವಿದೆ. ಆ ಅಭ್ಯಾಸ ಹುಟ್ಟಿದ್ದು ಒಂದು ಹಟಮಾರಿ ಪದಾರ್ಥದ ಜೊತೆ ಗುದ್ದಾಡುತ್ತ. ತಂತ್ರಾಂಶ ಅಭ್ಯಾಸವನ್ನು ಉಳಿಸಿಕೊಂಡಿತು, ಹಟವನ್ನು ತೆಗೆದುಹಾಕಿತು. ಪರದೆಯ ಕಲಾವಿದರಲ್ಲಿ ಅನೇಕರು ಇಂದು ಮತ್ತೆ ಎಣ್ಣೆಬಣ್ಣದ ಕೊಳವೆ ಕೊಳ್ಳುವುದಕ್ಕೆ ಇದೇ ಕಾರಣ.

ಅಗಸೆ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯ ಪಕ್ಕಕ್ಕೆ ಬೀಳುವ ಅಗಸಿ ಹಿಂಡಿ ಅದೇ ಬೀಜದ್ದು. ಅದರ ಎಣ್ಣೆಗೆ ಕಡಲೆಕಾಯಿ ಎಣ್ಣೆಗೋ ಕೊಬ್ಬರಿ ಎಣ್ಣೆಗೋ ಇಲ್ಲದ ಒಂದು ಗುಣವಿದೆ. ತೆಳ್ಳಗೆ ಸವರಿಟ್ಟರೆ ಅದು ಗಟ್ಟಿಯಾಗುತ್ತದೆ. ನೀರಿನ ಹಾಗೆ ಆವಿಯಾಗಿ ಹೋಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಬಿಗಿಯಾದ ಪೊರೆಯಾಗುತ್ತದೆ. ಮುಟ್ಟಿದರೆ ಅಂಟದಷ್ಟು ಆಗಲು ಕೆಲವು ದಿನ ಬೇಕು. ದಪ್ಪಗೆ ಬಳಿದಿದ್ದರೆ ವಾರಗಳು. ಒಳಗಿನವರೆಗೆ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ವಾರ್ನಿಶ್ ಹಚ್ಚುವ ಮೊದಲು ಆರು ತಿಂಗಳಾದರೂ ಬಿಡಬೇಕೆಂದು ಹಳಬರು ಹೇಳುವುದು ಇದಕ್ಕೇ.

ಎಣ್ಣೆಗೂ ಮುಂಚೆ ಯುರೋಪಿನ ಚಿತ್ರಗಾರರ ಕೈಯಲ್ಲಿದ್ದದ್ದು ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಅದು ನಿಮಿಷಗಳಲ್ಲಿ ಒಣಗುತ್ತದೆ. ಹಾಗಾಗಿ ಕೆನ್ನೆಯ ಬೆಳಕಿನಿಂದ ಗಲ್ಲದ ನೆರಳಿಗೆ ಇಳಿಯಬೇಕಾದರೆ ಕೂದಲೆಳೆಯಂಥ ಗೆರೆಗಳನ್ನು ಒತ್ತೊತ್ತಾಗಿ ಎಳೆಯಬೇಕಿತ್ತು. ಎಣ್ಣೆಯ ನಿಧಾನ ಈ ಕಷ್ಟವನ್ನು ತಪ್ಪಿಸಿತು. ಹಸಿಯಿದ್ದಾಗ ಎರಡು ಬಣ್ಣಗಳ ಗಡಿಯನ್ನು ಒಣ ಕುಂಚದಿಂದ ಸವರಿ ಕರಗಿಸಬಹುದು. ಒಣಗಿದ ಮೇಲೆ, ಕೆಳಗಿನದು ಕದಡದಂತೆ, ಗಾಜಿನಂತೆ ಪಾರದರ್ಶಕವಾದ ಇನ್ನೊಂದು ಪದರವನ್ನು ಮೇಲೆ ಹರಡಬಹುದು. ಎರಡನೆಯದಕ್ಕೆ ಗ್ಲೇಜ್ ಎಂದು ಹೆಸರು. ಆದರೆ ಪದರದ ಮೇಲೆ ಪದರ ಹಾಕುವುದಕ್ಕೆ ಒಂದು ಕ್ರಮವಿದೆ: ಎಣ್ಣೆ ಕಡಿಮೆ ಇರುವ ಬಣ್ಣ ಕೆಳಗೆ, ಎಣ್ಣೆ ಹೆಚ್ಚಿರುವುದು ಮೇಲೆ. ತಿರುವುಮುರುವಾದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಇನ್ನೂ ಅಲುಗಾಡುತ್ತಿದ್ದು, ಚಿತ್ರ ಬಿರುಕು ಬಿಡುತ್ತದೆ. ಹೀಗೆ ಬರೆಯುವ ಮುಂಚೆಯೇ ಯಾವುದು ಮೊದಲು, ಯಾವುದು ಕೊನೆಗೆ ಎಂದು ತಲೆಯಲ್ಲಿ ಜೋಡಿಸಿಕೊಳ್ಳುವುದು ಕಸುಬಿನ ಭಾಗವಾಯಿತು.

ಎಣ್ಣೆಬಣ್ಣವನ್ನು ಕಂಡುಹಿಡಿದವನು ಫ್ಲಾಂಡರ್ಸ್‌ನ ಯಾನ್ ವಾನ್ ಐಕ್ ಎಂದು ಕಲಾವಿದರ ಚರಿತ್ರೆ ಬರೆದ ವಸಾರಿ 1550ರಲ್ಲಿ ಹೇಳಿದ. ಅದು ನಿಜವಲ್ಲ. ಹನ್ನೆರಡನೇ ಶತಮಾನದಲ್ಲಿ ಥಿಯೋಫಿಲಸ್ ಎಂಬ ಹೆಸರಿನಲ್ಲಿ ಬರೆದ ಸನ್ಯಾಸಿ ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸುವುದನ್ನೂ, ಅದು ಬೇಗ ಒಣಗದೆ ಕಾಡುವುದನ್ನೂ ಹೇಳಿದ್ದಾನೆ. ಇನ್ನೂ ಹಿಂದಕ್ಕೆ ಹೋದರೆ, ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ ಭಿತ್ತಿಚಿತ್ರಗಳಲ್ಲಿ ಒಣಗುವ ಎಣ್ಣೆಯ ಪದರಗಳು ಸಿಕ್ಕಿವೆ; 2008ರಲ್ಲಿ ವರದಿಯಾದ ಆ ಚಿತ್ರಗಳು ಸುಮಾರು ಏಳನೇ ಶತಮಾನದವು. ವಾನ್ ಐಕ್ ಮಾಡಿದ್ದು ಬೇರೆ. 1432ರ ಗೆಂಟ್ ನಗರದ ಪೂಜಾಫಲಕದಲ್ಲಿ, 1434ರ ಅರ್ನೊಲ್ಫಿನಿ ದಂಪತಿಯ ಚಿತ್ರದಲ್ಲಿ ಆತ ಗ್ಲೇಜನ್ನು ಎಲ್ಲಿಯವರೆಗೆ ಒಯ್ಯಬಹುದೋ ಅಲ್ಲಿಯವರೆಗೆ ಒಯ್ದ. ಹಿತ್ತಾಳೆಯ ದೀಪಗುಚ್ಛದ ಹೊಳಪು, ಹಸಿರು ಉಡುಪಿನ ನೆರಿಗೆಯ ಆಳ ಇವೆಲ್ಲ ಬಿಳಿ ತಳಕ್ಕೆ ಬಡಿದ ಬೆಳಕು ಪದರಗಳ ಮೂಲಕ ಹಿಂದಿರುಗುವುದರಿಂದ ಬಂದವು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯವರು ಅತಿಗೆಂಪು ಕಿರಣಗಳಲ್ಲಿ ಈ ಚಿತ್ರ ನೋಡಿದಾಗ ಕೆಳಗಿನ ರೇಖಾಚಿತ್ರ ಕಾಣಿಸಿತು. ಗಂಡನ ಕೈ, ಪಾದಗಳ ಜಾಗ ಬದಲಾಗಿತ್ತು. ಕಾಲ ಬಳಿ ನಿಂತ ಪುಟ್ಟ ನಾಯಿ ಆ ರೇಖಾಚಿತ್ರದಲ್ಲಿ ಇರಲೇ ಇಲ್ಲ. ಬಣ್ಣ ಹಾಕುತ್ತ ಹಾಕುತ್ತ ಬಂದು ಸೇರಿಕೊಂಡದ್ದು ಅದು.

ಪದರಗಳನ್ನು ಬಿಡಿಸಿ ನೋಡಬೇಕೆನ್ನುವವರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಒಂದು ಚಿತ್ರವಿದೆ. ಲಿಯೊನಾರ್ಡೊ 1481ರಲ್ಲಿ ಶುರುಮಾಡಿ ಅರ್ಧಕ್ಕೆ ಬಿಟ್ಟ 'ಜ್ಞಾನಿಗಳ ಆರಾಧನೆ'. ಉಫಿತ್ಸಿ ಸಂಗ್ರಹಾಲಯದಲ್ಲಿರುವ ಈ ಹಲಗೆಯಲ್ಲಿ ಬಣ್ಣವಿನ್ನೂ ಬಂದಿಲ್ಲ. ಕಂದು, ಕಪ್ಪುಗಳಲ್ಲಿ ನೆರಳು ಎಲ್ಲಿ, ಬೆಳಕು ಎಲ್ಲಿ ಎಂದು ನಿರ್ಧರಿಸಿ ಬಿಟ್ಟಿದ್ದಾನೆ, ಅಷ್ಟೆ. ಪರದೆಯ ಕಲಾವಿದರಿಗೆ ಇದು ಪರಿಚಿತ ದೃಶ್ಯ: ಮೊದಲು ಬೂದಿಬಣ್ಣದಲ್ಲಿ ಬೆಳಕು ನೆರಳು, ಆಮೇಲೆ ಹೊಸ ಲೇಯರ್ ತೆರೆದು ಬಣ್ಣ. ಬೇರೊಬ್ಬರ ಫೈಲನ್ನು ತೆರೆದು ಮೇಲಿನ ಲೇಯರುಗಳನ್ನು ಒಂದೊಂದಾಗಿ ಮುಚ್ಚಿದರೆ ಏನು ಕಾಣುತ್ತದೋ, ಅದೇ ಈ ಹಲಗೆಯಲ್ಲಿ ಐನೂರು ವರ್ಷದಿಂದ ತೆರೆದುಕೊಂಡಿದೆ. ಲಿಯೊನಾರ್ಡೊ ಮುಗಿಸಿದ ಚಿತ್ರಗಳಲ್ಲಿ ಪದರ ಎಷ್ಟು ತೆಳುವಾಗಿರುತ್ತಿತ್ತು ಎಂಬುದನ್ನು 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಎಕ್ಸ್ ಕಿರಣಗಳಿಂದ ಅಳೆದರು. ಲೂವ್ರ್‌ನ ಏಳು ಚಿತ್ರಗಳು ಅವರ ಮುಂದಿದ್ದವು; ಮೋನಾಲೀಸಾ ಅವುಗಳಲ್ಲೊಂದು. ಕೆಲವು ಗ್ಲೇಜುಗಳ ದಪ್ಪ ಒಂದೆರಡು ಮೈಕ್ರೋಮೀಟರ್; ಎಲ್ಲ ಸೇರಿದರೆ ಮೂವತ್ತು, ನಲವತ್ತು. ಒಂದು ತಲೆಗೂದಲಿನ ದಪ್ಪವೂ ಇಲ್ಲ. ಪರದೆಯಲ್ಲಿ ಬಣ್ಣದ ದಟ್ಟಣೆಯನ್ನು, ಅಂದರೆ ಒಪಾಸಿಟಿಯನ್ನು, ನೂರರಿಂದ ಐದಕ್ಕೆ ಇಳಿಸಿ ಮೆಲ್ಲಗೆ ನೆರಳು ಕಟ್ಟುವವರು ಮಾಡುತ್ತಿರುವುದು ಇದನ್ನೇ.

ಪದರಕ್ಕೆ ಅಪಾಯವೂ ಇದೆ. ವರ್ಮೀರ್ ಸುಮಾರು 1665ರಲ್ಲಿ ಬರೆದ, ಮುತ್ತಿನ ಓಲೆಯ ಹುಡುಗಿಯ ಹಿನ್ನೆಲೆ ಇಂದು ಬರೀ ಕಪ್ಪು. ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದ ತಜ್ಞರು 2018ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ ಬೇರೆಯದೇ ಗೊತ್ತಾಯಿತು. ಅಲ್ಲಿ ಮಡಿಕೆ ಮಡಿಕೆಯಾಗಿ ಇಳಿಬಿದ್ದ ಹಸಿರು ಪರದೆಯಿತ್ತು. ಕಪ್ಪು ತಳದ ಮೇಲೆ ನೀಲಿಗೆ ಇಂಡಿಗೊ, ಹಳದಿಗೆ ವೆಲ್ಡ್ ಎಂಬ ಗಿಡದ ರಸ ಕಲಸಿದ ಗ್ಲೇಜನ್ನು ಹರಡಿ ಆ ಹಸಿರು ತಂದಿದ್ದ. ಗಿಡದ ಬಣ್ಣಗಳು ಬೆಳಕಿಗೆ ನಿಲ್ಲಲಿಲ್ಲ. ನೀಲಿ ಮತ್ತು ಹಳದಿ ಸೇರಿ ಹಸಿರಾದದ್ದು ಮತ್ತೆ ಕಪ್ಪಿಗೇ ತಿರುಗಿತು.

ಇಂಥ ಕಸುಬನ್ನು ಪುಸ್ತಕ ಓದಿ ಕಲಿಯುವಂತಿರಲಿಲ್ಲ. 1400ರ ಆಸುಪಾಸಿನಲ್ಲಿ ಚೆನ್ನಿನೊ ಚೆನ್ನಿನಿ ಬರೆದ ಕೈಪಿಡಿಯಲ್ಲಿ ಕಲಿಯುವವನ ಲೆಕ್ಕ ಸಿಗುತ್ತದೆ: ಸಣ್ಣ ಹಲಗೆಯ ಮೇಲೆ ಚಿತ್ರ ಬಿಡಿಸಲು ಒಂದು ವರ್ಷ. ಬಣ್ಣ ಅರೆಯಲು, ಅಂಟು ಕುದಿಸಲು, ಹಲಗೆಗೆ ತಳ ಕಟ್ಟಲು ಆರು ವರ್ಷ. ಬಣ್ಣ ಹಾಕಲು ಇನ್ನೂ ಆರು. ಒಟ್ಟು ಹದಿಮೂರು. ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರ ಮನೆಗಳಿಗೂ ಈ ಲೆಕ್ಕ ಅಪರಿಚಿತವೆನಿಸದು. ಅಲ್ಲಿಯೂ ಮಕ್ಕಳು ಮೊದಲು ಕಲಿಯುತ್ತಿದ್ದದ್ದು ಬಣ್ಣ ಅರೆಯುವುದನ್ನು, ಗೆಸ್ಸೊ ಎಂಬ ಉಬ್ಬು ಕೆಲಸಕ್ಕೆ ಮಕ್ಕಿ ಸಫೇದ ಎಂಬ ಲೇಪ ಕಲಸುವುದನ್ನು. ಕುಂಚ ಕೈಗೆ ಬರುತ್ತಿದ್ದದ್ದು ಆಮೇಲೆ. ಮಾಧ್ಯಮ ಬೇರೆ, ತಾಳ್ಮೆ ಒಂದೇ.

ಎಣ್ಣೆಬಣ್ಣ ದಕ್ಷಿಣ ಭಾರತದಲ್ಲಿ ನೆಲೆಯೂರಿದ ಬಗೆಯಲ್ಲಿ ಕಲಿಕೆಯ ಇನ್ನೊಂದು ಮುಖವಿದೆ. 1862ರಲ್ಲಿ, ಹದಿನಾಲ್ಕರ ಹುಡುಗ ರವಿವರ್ಮನನ್ನು ಸೋದರಮಾವ ತಿರುವನಂತಪುರದ ಅರಮನೆಗೆ ಕರೆತಂದರು. ತಂಜಾವೂರು ಶೈಲಿ ಅವನಿಗೆ ಗೊತ್ತಿತ್ತು, ಎಣ್ಣೆಬಣ್ಣ ಗೊತ್ತಿರಲಿಲ್ಲ. ಆಸ್ಥಾನದ ಕಲಾವಿದ ರಾಮಸ್ವಾಮಿ ನಾಯಕರ್ ಹೇಳಿಕೊಡಲು ಒಪ್ಪಲಿಲ್ಲ. 1868ರಲ್ಲಿ ಅರಮನೆಗೆ ಬಂದ ಐರೋಪ್ಯ ಭಾವಚಿತ್ರಕಾರ ಥಿಯೋಡರ್ ಜೆನ್ಸನ್ ಕೂಡ ಪಾಠ ಹೇಳಲಿಲ್ಲ. ತಾನು ಕೆಲಸ ಮಾಡುವಾಗ ನೋಡಲು ಮಾತ್ರ ಬಿಟ್ಟ. ರವಿವರ್ಮನಿಗೆ ಅಷ್ಟು ಸಾಕಾಯಿತು. ಮುಗಿದ ಭಾವಚಿತ್ರಗಳು ಅರಮನೆಯ ಗೋಡೆಯಲ್ಲಿ ಬೇಕಾದಷ್ಟು ಇದ್ದವು, ಅವು ಏನನ್ನೂ ಹೇಳುತ್ತಿರಲಿಲ್ಲ. ಯಾವ ಬಣ್ಣ ಮೊದಲು ಬಿತ್ತು, ಎಲ್ಲಿ ಕೈ ತಡೆಯಿತು, ಎಲ್ಲಿ ಬಟ್ಟೆಯಿಂದ ಒರೆಸಿದರು ಎಂಬುದು ಕಾಣುವುದು ಕೆಲಸ ನಡೆಯುವಾಗ ಮಾತ್ರ. ಇಂದು ಸಾವಿರಾರು ಮಕ್ಕಳು ಮೊಬೈಲಿನಲ್ಲಿ ಚಿತ್ರ ಬರೆಯುವ ವಿಡಿಯೋಗಳನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂರುವುದರಲ್ಲಿ ಇದೇ ಹಸಿವಿದೆ.

1873ರ ಮದ್ರಾಸಿನ ಪ್ರದರ್ಶನದಲ್ಲಿ ಬಹುಮಾನ ಬಂದ ಮೇಲೆ ರವಿವರ್ಮನಿಗೆ ಸಂಸ್ಥಾನಗಳ ಬಾಗಿಲು ತೆರೆಯಿತು. 1885ರಲ್ಲಿ ಚಾಮರಾಜೇಂದ್ರ ಒಡೆಯರ ಕರೆಯ ಮೇಲೆ ಮೈಸೂರಿಗೆ ಬಂದ. ಬದುಕಿನ ಕೊನೆಯ ವರ್ಷಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣದ ಒಂಬತ್ತು ಚಿತ್ರಗಳನ್ನು ಬರೆದ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅವನ ಕ್ಯಾನ್ವಾಸುಗಳ ಮುಂದೆ ನಿಂತವರಿಗೆ ಮೊದಲು ಕಾಣುವುದು ಸೀರೆಯ ಜರಿ. ಹತ್ತಿರ ಹೋದರೆ ಅಲ್ಲಿ ಜರಿಯಿಲ್ಲ. ಕಂದು ತಳದ ಮೇಲೆ ಮಬ್ಬು ಹಳದಿ, ಅದರ ಮೇಲೆ ಅಲ್ಲೊಂದು ಇಲ್ಲೊಂದು ದಪ್ಪನೆಯ ತಿಳಿ ಚುಕ್ಕೆ. ಉಳಿದದ್ದನ್ನು ಕಣ್ಣು ತುಂಬಿಕೊಳ್ಳುತ್ತದೆ. ಪರದೆಯಲ್ಲಿ ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿ ಒಂದೊಂದು ಎಳೆಯನ್ನೂ ಬಿಡಿಸುತ್ತ ರಾತ್ರಿ ಕಳೆಯುವವರು ಈ ಚಿತ್ರಶಾಲೆಯಲ್ಲಿ ಒಂದು ಮಧ್ಯಾಹ್ನ ಕಳೆಯಬೇಕು.

ರವಿವರ್ಮನ ಇನ್ನೊಂದು ಸಾಹಸಕ್ಕೂ ಇಂದಿನ ಪರದೆಗೂ ನೇರ ನಂಟಿದೆ. 1894ರಲ್ಲಿ ಮುಂಬಯಿಯಲ್ಲಿ ಆತ ತೆರೆದ ಮುದ್ರಣಾಲಯ ಎಣ್ಣೆಚಿತ್ರಗಳನ್ನು ಓಲಿಯೋಗ್ರಾಫ್‌ಗಳಾಗಿ ಅಚ್ಚು ಹಾಕಿತು. ನಮ್ಮ ದೇವರ ಕೋಣೆಗಳಿಗೆ ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ ಬಂದದ್ದು ಹೀಗೆ. ಅಚ್ಚಿನ ಕೆಲಸದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಚಿತ್ರದ ಕಂದು ನೆರಳಿನಲ್ಲಿ ಕೆಂಪೆಷ್ಟು, ಹಳದಿಯೆಷ್ಟು, ನೀಲಿಯೆಷ್ಟು ಎಂದು ಬರಿಗಣ್ಣಿನಲ್ಲಿ ಬಿಡಿಸಿ, ಅಷ್ಟನ್ನೇ ಆಯಾ ಕಲ್ಲಿನ ಮೇಲೆ ಬರೆಯುವ ಕುಶಲಿಗಳಿದ್ದರು. ಒಂದರ ಮೇಲೊಂದು ಕಲ್ಲು ಒತ್ತಿದಾಗ ಚಿತ್ರ ಕೂಡಿಕೊಳ್ಳುತ್ತಿತ್ತು. ಕೊನೆಗೆ ವಾರ್ನಿಶ್ ಬಳಿದು, ಕ್ಯಾನ್ವಾಸಿನ ನೇಯ್ಗೆಯ ಗುರುತನ್ನೂ ಕಾಗದಕ್ಕೆ ಒತ್ತುತ್ತಿದ್ದದ್ದುಂಟು. ಎಣ್ಣೆಬಣ್ಣದಂತೆ ಕಾಣಬೇಕೆಂಬ ಯಂತ್ರದ ಆಸೆ ಕಂಪ್ಯೂಟರಿಗಿಂತ ನೂರು ವರ್ಷ ಹಳೆಯದು.

ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳು ಇದೇ ಕತೆಯ ಮುಂದಿನ ಅಧ್ಯಾಯ. ದಸರಾ ಮೆರವಣಿಗೆಯ ಇಪ್ಪತ್ತಾರು ಚಿತ್ರಗಳು ಅಲ್ಲಿವೆ. 1934ರಿಂದ 1945ರವರೆಗೆ ವೈ. ಸುಬ್ರಹ್ಮಣ್ಯರಾಜು, ಕೆ. ಕೇಶವಯ್ಯ ಮೊದಲಾದ ಆಸ್ಥಾನ ಕಲಾವಿದರು ಅವನ್ನು ಬರೆದರು. ಎದುರಿಗಿದ್ದದ್ದು ಫೋಟೊಗಳು, ಅವೂ ಕಪ್ಪು-ಬಿಳುಪಿನ ಕಾಲದವು. ಆನೆಯ ಜೂಲಿನ ಕೆಂಪು, ಸವಾರರ ಸಮವಸ್ತ್ರ, ಅಕ್ಟೋಬರ್ ತಿಂಗಳ ಇಳಿಬಿಸಿಲಿನಲ್ಲಿ ಧೂಳಿನ ಬಣ್ಣ ಇವೆಲ್ಲ ಕಣ್ಣಿನ ನೆನಪಿನಿಂದ, ಕೈಯ ಅನುಭವದಿಂದ ಬರಬೇಕಿತ್ತು. ಬೂದಿಬಣ್ಣದ ತಳದ ಮೇಲೆ ಬಣ್ಣ ಕಟ್ಟುವ ಹಳೆಯ ಯುರೋಪಿನ ಪಾಠ ಇಲ್ಲಿ ಕ್ಯಾಮೆರಾದ ಮೂಲಕ ತಿರುಗಿ ಬಂದಿತ್ತು. ಮೆರವಣಿಗೆಯ ಜನಸಂದಣಿಯಲ್ಲಿ ಮುಂದಿನ ಸಾಲಿನ ಮುಖಗಳು ಗುರುತು ಹಿಡಿಯುವಷ್ಟು ಸ್ಪಷ್ಟ. ಹಿಂದೆ ಹಿಂದೆ ಹೋದಂತೆ ರುಮಾಲುಗಳ ಚುಕ್ಕೆ ಮಾತ್ರ.

ಅರಮನೆಯ ಹೊರಗೂ ಈ ಕಸುಬು ಹರಡಿತು. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು 1919ರಲ್ಲೇ ಕಲಾಮಂದಿರ ತೆರೆದಿದ್ದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಶಾಲೆ ಉತ್ತರ ಕರ್ನಾಟಕದ ಮಕ್ಕಳಿಗೆ ಮುಂಬಯಿಯ ಜೆ.ಜೆ. ಕಲಾಶಾಲೆಯ ಅಭ್ಯಾಸವನ್ನು ಹತ್ತಿರ ತಂದಿತು. ಕಲಬುರಗಿಯ ಎಸ್.ಎಂ. ಪಂಡಿತರು ಮದ್ರಾಸು, ಮುಂಬಯಿಗಳಲ್ಲಿ ಕಲಿತು, ಸಿನಿಮಾ ಪೋಸ್ಟರು ಮತ್ತು ಪುರಾಣದ ಕ್ಯಾಲೆಂಡರುಗಳಲ್ಲಿ ದೇಶವೇ ನೋಡುವಂಥ ಮೈಕಟ್ಟು, ಬೆಳಕು ತಂದರು.

ಆದರೆ ಹೆಚ್ಚಿನ ಕನ್ನಡಿಗರು ಎಣ್ಣೆಬಣ್ಣವನ್ನು ಎದುರುಬದುರಾಗಿ ಕಂಡದ್ದು ಚಿತ್ರಶಾಲೆಯಲ್ಲಲ್ಲ, ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ. ಚಿತ್ರಮಂದಿರದ ನೆತ್ತಿಯ ಮೇಲೆ ರಾಜ್‌ಕುಮಾರ್, ವಿಷ್ಣುವರ್ಧನ್ ಅವರ ಮುಖ ಮನೆಯೆತ್ತರಕ್ಕೆ ನಿಂತಿರುತ್ತಿತ್ತು. ಬ್ಯಾನರ್ ಬರೆಯುವವರ ಕೈಯಲ್ಲಿ ಇರುತ್ತಿದ್ದದ್ದು ಅಂಗೈ ಅಗಲದ ಒಂದು ಸ್ಟಿಲ್ ಫೋಟೊ. ಅದರ ಮೇಲೆ ಚೌಕ ಹಾಕಿ, ಬಟ್ಟೆಯ ಮೇಲೂ ಅಷ್ಟೇ ಚೌಕ ಹಾಕಿ, ಒಂದೊಂದೇ ಚೌಕವನ್ನು ದೊಡ್ಡದು ಮಾಡುತ್ತಿದ್ದರು. ಪುಡಿಬಣ್ಣವನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಅಗಲ ಕುಂಚದಿಂದ ಬಳಿಯುತ್ತಿದ್ದರು. ಹತ್ತಿರದಿಂದ ನೋಡಿದರೆ ನಾಯಕನ ಕೆನ್ನೆಯಲ್ಲಿ ಹಸಿರು, ಕತ್ತಿನಲ್ಲಿ ನೇರಳೆ, ಹಣೆಯಲ್ಲಿ ಗುಲಾಬಿ. ಬಸ್ಸಿನ ಕಿಟಕಿಯಿಂದ ನೋಡಿದರೆ ಜೀವಂತ ಚರ್ಮ. ನೆರಳು ಎಂದರೆ ಚರ್ಮದ ಬಣ್ಣಕ್ಕೆ ಕಪ್ಪು ಸೇರಿಸುವುದಲ್ಲ, ತಂಪು ಬಣ್ಣ ಸೇರಿಸುವುದು ಎಂಬುದನ್ನು ಅವರು ದಿನಗೂಲಿಯ ಕೆಲಸದಲ್ಲಿ, ಏಣಿಯ ಮೇಲೆ ನಿಂತು ಕಲಿತಿದ್ದರು. ಡಿಜಿಟಲ್ ಚಿತ್ರ ಕಲಿಯುವವರು ಮೊದಲು ಮಾಡುವ ತಪ್ಪು, ಬಣ್ಣದ ಚೌಕದಲ್ಲಿ ಕಪ್ಪಿನ ಕಡೆಗೆ ನೇರ ಜಾರಿ ನೆರಳು ತೆಗೆಯುವುದು. ಮುಖ ಮಸಿ ಹಿಡಿದಂತೆ ಕಾಣುತ್ತದೆ. ಬ್ಯಾನರಿನವರು ಯಾರೂ ಹಾಗೆ ಮಾಡುತ್ತಿರಲಿಲ್ಲ.

ಎರಡು ಸಾವಿರದ ನಂತರದ ಕೆಲವೇ ವರ್ಷಗಳಲ್ಲಿ ಫ್ಲೆಕ್ಸ್ ಬಂದು ಈ ಕೈಗಳನ್ನು ಖಾಲಿ ಮಾಡಿತು. ಬರೆಯಲು ದಿನಗಟ್ಟಲೆ ಬೇಕಾದದ್ದು ಗಂಟೆಯೊಳಗೆ ಅಚ್ಚಾಗಿ ಬರುವಾಗ ನಿರ್ಮಾಪಕರು ಕಾಯಲಿಲ್ಲ. ಬೆಂಗಳೂರಿನಲ್ಲಿ 2018ರಲ್ಲಿ ಫ್ಲೆಕ್ಸಿಗೆ ನಿಷೇಧ ಬಂದಾಗ ಮತ್ತೆ ಬರೆಯಲು ಕರೆಯೋಣವೆಂದರೆ ಕಸುಬಿನವರು ಚದುರಿಹೋಗಿದ್ದರು. ಅವರ ಹೆಸರು ಬರೆದಿಟ್ಟವರಿಲ್ಲ, ಬಟ್ಟೆಗಳು ಉಳಿಯಲಿಲ್ಲ. ಅನಿಮೇಷನ್, ವಿಡಿಯೋ ಗೇಮ್ ಕೆಲಸಗಳಿಗೆ ಬಣ್ಣ ಬಲ್ಲವರು ಬೇಕೆಂದು ಇದೇ ನಗರ ಹುಡುಕುತ್ತಿದ್ದ ಕಾಲದಲ್ಲೇ ಹೀಗಾದದ್ದು ದೊಡ್ಡ ನಷ್ಟ. ಎರಡಕ್ಕೂ ನಡುವೆ ಯಾರೂ ಒಂದು ಹಲಗೆ ಹಾಕಲಿಲ್ಲ.

ಹಾಲಿವುಡ್ಡಿನಲ್ಲಿ ಆ ಹಲಗೆ ತಾನಾಗಿ ಬಿದ್ದಿತು, ಅದೂ ಗಾಜಿನ ರೂಪದಲ್ಲಿ. 1907ರಲ್ಲಿ ನಾರ್ಮನ್ ಡಾನ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯಾದ ಹಳೆಯ ಚರ್ಚುಗಳನ್ನು ಚಿತ್ರೀಕರಿಸಲು ಹೋದಾಗ ಕಟ್ಟಡಗಳು ಪಾಳು ಬಿದ್ದಿದ್ದವು. ಕ್ಯಾಮೆರಾ ಮುಂದೆ ಗಾಜು ನಿಲ್ಲಿಸಿ, ಬಿದ್ದುಹೋದ ಭಾಗಗಳನ್ನು ಗಾಜಿನ ಮೇಲೆ ಬರೆದ. ಕ್ಯಾಮೆರಾದ ಕಣ್ಣಿಗೆ ಚರ್ಚು ಇಡಿಯಾಗಿ ಕಂಡಿತು. ಇದರಿಂದ ಮ್ಯಾಟ್ ಪೇಂಟಿಂಗ್ ಎಂಬ ಕಸುಬು ಬೆಳೆಯಿತು. 1974ರ 'ಅರ್ಥ್‌ಕ್ವೇಕ್' ಚಿತ್ರದಲ್ಲಿ ನೆಲಸಮವಾದ ಲಾಸ್ ಏಂಜಲೀಸ್ ನಗರವನ್ನು ಆಲ್ಬರ್ಟ್ ವಿಟ್‌ಲಾಕ್ ಎಣ್ಣೆಬಣ್ಣದಲ್ಲಿ ಬರೆದು ತೋರಿಸಿದ. ಎಣ್ಣೆಬಣ್ಣ ಒಣಗಿದ ಮೇಲೂ ಹೆಚ್ಚು ಬದಲಾಗದು, ಆಕಾಶದ ಇಳಿಬಣ್ಣ ಅದರಲ್ಲಿ ಸಲೀಸಾಗಿ ಕರಗುತ್ತದೆ. ಚಿತ್ರೀಕರಿಸಿದ ದೃಶ್ಯದ ಅಂಚಿಗೆ ಬರೆದ ದೃಶ್ಯವನ್ನು ಹೊಂದಿಸುವವನಿಗೆ ಈ ಎರಡು ಗುಣ ಬೇಕೇ ಬೇಕು. ವಿಟ್‌ಲಾಕ್‌ನ ಫಲಕಗಳನ್ನು ಹತ್ತಿರದಿಂದ ನೋಡಿದರೆ ಒರಟಾದ ಕುಂಚದ ಹೊಡೆತಗಳೇ ಕಾಣುತ್ತವೆ. ಬೆಳಕಿನ ದಿಕ್ಕು, ದೂರದ ಮಬ್ಬು ಸರಿಯಾಗಿದ್ದರೆ ಸಾಕು ಎಂದು ಅವನಿಗೆ ಗೊತ್ತಿತ್ತು, ನಮ್ಮ ಬ್ಯಾನರಿನವರಿಗೆ ಗೊತ್ತಿದ್ದಂತೆ.

ಇದೇ ಹೊತ್ತಿಗೆ ಯಂತ್ರವೂ ಬೆಳೆಯುತ್ತಿತ್ತು. 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಿಚರ್ಡ್ ಶೂಪ್ 'ಸೂಪರ್‌ಪೇಂಟ್' ಕಟ್ಟಿದ. ಅದರಲ್ಲಿ ಕೆಲಸ ಮಾಡಿದ ಆಲ್ವಿ ರೇ ಸ್ಮಿತ್, ಮುಂದೆ ಎಡ್ ಕ್ಯಾಟ್‌ಮಲ್ ಜೊತೆ ಸೇರಿ, ಎಪ್ಪತ್ತರ ದಶಕದ ಕೊನೆಯಲ್ಲಿ 'ಆಲ್ಫಾ ಚಾನೆಲ್' ಎಂಬ ಕಲ್ಪನೆ ತಂದ. ಬಣ್ಣದ ಮೂರು ಅಂಕಿಗಳ ಪಕ್ಕಕ್ಕೆ ನಾಲ್ಕನೆಯದು, ಆ ಚುಕ್ಕೆ ಎಷ್ಟು ಪಾರದರ್ಶಕ ಎಂದು ಹೇಳಲು. ಗ್ಲೇಜು ಅಂಕಿಯಾದ ಗಳಿಗೆ ಅದು. 1991ರಲ್ಲಿ ಮಾರ್ಕ್ ಜಿಮ್ಮರ್ ಮತ್ತು ಗೆಳೆಯರು ತಂದ 'ಪೇಂಟರ್' ಎಂಬ ತಂತ್ರಾಂಶವನ್ನು ಬಣ್ಣದ ತಗಡಿನ ಡಬ್ಬದಲ್ಲೇ ಇಟ್ಟು ಮಾರಿದರು. ಕುಂಚದ ಕೂದಲು, ಕಾಗದದ ಒರಟು, ಎಣ್ಣೆಯ ಜಿಗುಟನ್ನು ಅನುಕರಿಸುವುದೇ ಅದರ ಗುರಿ. ಫೋಟೊಶಾಪಿನ ವಂಶ ಸ್ವಲ್ಪ ಬೇರೆ. ಅದನ್ನು ಬರೆದ ನಾಲ್ ಸಹೋದರರ ತಂದೆಗೆ ಮನೆಯಲ್ಲೇ ಫೋಟೊ ತೊಳೆಯುವ ಕತ್ತಲೆ ಕೋಣೆಯಿತ್ತು. 'ಡಾಡ್ಜ್', 'ಬರ್ನ್' ಎಂಬ ಅದರ ಉಪಕರಣಗಳು ಕತ್ತಲೆ ಕೋಣೆಯ ಮಾತುಗಳು. 1990ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಲೇಯರ್ ಇರಲಿಲ್ಲ. 1994ರ ಮೂರನೇ ಆವೃತ್ತಿಯಲ್ಲಿ ಅದು ಬಂದ ಮೇಲೆ ಫೋಟೊ ತಿದ್ದುವ ತಂತ್ರಾಂಶ ಚಿತ್ರ ಬರೆಯುವವರ ತಂತ್ರಾಂಶವೂ ಆಯಿತು. ಇಬ್ಬರಲ್ಲಿ ಜಾನ್ ನಾಲ್ ಕೆಲಸ ಮಾಡುತ್ತಿದ್ದದ್ದು 'ಸ್ಟಾರ್ ವಾರ್ಸ್'ಗೆ ಮ್ಯಾಟ್ ಚಿತ್ರಗಳನ್ನು ಬರೆದುಕೊಟ್ಟ ಸಂಸ್ಥೆಯಲ್ಲೇ. ಗಾಜಿನ ಮೇಲೆ ಬರೆದವರೂ ಗಾಜಿನ ಪರದೆಗೆ ಬರೆದವರೂ ಒಂದೇ ಸೂರಿನ ಕೆಳಗಿದ್ದರು.

ತೊಂಬತ್ತರ ದಶಕದಲ್ಲಿ ಡಿಜಿಟಲ್ ಚಿತ್ರಕ್ಕೆ ದಾರಿ ತೋರಿದವರಲ್ಲಿ ಒಬ್ಬನಾದ ಅಮೆರಿಕದ ಕ್ರೇಗ್ ಮಲ್ಲಿನ್ಸ್ ಕಾಗದ, ಬಣ್ಣಗಳಲ್ಲೇ ಶಾಲೆ ಕಲಿತವನು. 'ಡೈನೋಟೋಪಿಯಾ' ಪುಸ್ತಕಗಳನ್ನು ಎಣ್ಣೆಬಣ್ಣದಲ್ಲಿ ಚಿತ್ರಿಸಿದ ಜೇಮ್ಸ್ ಗರ್ನಿ 2010ರಲ್ಲಿ ಬಣ್ಣ, ಬೆಳಕುಗಳ ಬಗ್ಗೆ ಬರೆದ ಪುಸ್ತಕ ಪರದೆಯ ಕಲಾವಿದರ ಮೇಜಿನ ಮೇಲೂ ಇರುತ್ತದೆ. ಈ ತಲೆಮಾರಿಗೆ ತಂತ್ರಾಂಶದ ಗುಂಡಿಗಳು ಹೊಸದಾಗಿದ್ದವು, ಅವುಗಳ ಹಿಂದಿನ ಕೆಲಸ ಗೊತ್ತಿತ್ತು. ಅವರ ನಂತರದವರಿಗೆ ಗುಂಡಿಗಳು ಹುಟ್ಟಿನಿಂದ ಗೊತ್ತು. ತಪ್ಪಿದರೆ ಹಿಂದಕ್ಕೆ ಹೋಗುವ 'ಅನ್‌ಡೂ' ಇದೆ, ಒಣಗಲು ಕಾಯಬೇಕಿಲ್ಲ, ಬಣ್ಣಕ್ಕೆ ಬೆಲೆಯಿಲ್ಲ. ಹಾಗಾಗಿ ಯಾವುದನ್ನೂ ಮೊದಲೇ ನಿರ್ಧರಿಸಬೇಕಿಲ್ಲ. ನೂರಾರು ಲೇಯರುಗಳ ಫೈಲು ಬೆಳೆಯುತ್ತ ಹೋಗುತ್ತದೆ, ಚಿತ್ರ ನಿಂತಲ್ಲೇ ನಿಂತಿರುತ್ತದೆ.

ಇಂಥವರಿಗೆ ಎಣ್ಣೆಬಣ್ಣದ ಗುರುಗಳು ಸಾಮಾನ್ಯವಾಗಿ ಕೊಡುವ ಮೊದಲ ಔಷಧಿ ಸ್ವೀಡನ್ನಿನ ಆಂಡರ್ಸ್ ಜಾರ್ನ್‌ನ ಹೆಸರಿನದು. 1860ರಿಂದ 1920ರವರೆಗೆ ಬದುಕಿದ್ದ ಈ ಭಾವಚಿತ್ರಕಾರನ ಹಲಗೆಯಲ್ಲಿ ನಾಲ್ಕೇ ಬಣ್ಣ ಎಂದು ಕಲಾಶಾಲೆಗಳಲ್ಲಿ ಹೇಳುತ್ತಾರೆ: ಬಿಳಿ, ಹಳದಿ ಕಾವಿ, ಇಂಗಳೀಕದ ಕೆಂಪು, ಕಪ್ಪು. ನೀಲಿಯಿಲ್ಲ, ಹಸಿರಿಲ್ಲ. ಕಂಪ್ಯೂಟರಿನ ಬಣ್ಣದ ಚೌಕದಲ್ಲಿ 1,67,77,216 ಬಣ್ಣಗಳಿವೆ. ನಾಲ್ಕರಲ್ಲಿ ಬರೆಯಲು ಕುಳಿತ ಮೊದಲ ದಿನ ಹುಡುಗರು ಕೈ ಕಟ್ಟಿಹಾಕಿದಂತೆ ಚಡಪಡಿಸುತ್ತಾರೆ. ಆಮೇಲೆ ಕಪ್ಪಿಗೆ ಕಾವಿ ಸೇರಿಸಿದರೆ ಮಬ್ಬು ಹಸಿರು ಸಿಗುತ್ತದೆ. ಕಪ್ಪಿಗೆ ಬಿಳಿ ಸೇರಿಸಿದ ಬೂದಿಯನ್ನು ಕೆಂಪಿನ ಪಕ್ಕ ಇಟ್ಟರೆ ಅದು ನೀಲಿಯಾಗಿ ಕಾಣುತ್ತದೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆಶಾಲೆಯ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೊಲ್ 1839ರ ತನ್ನ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ: ಬಣ್ಣ ಏನೆಂಬುದನ್ನು ಅದರ ನೆರೆಯ ಬಣ್ಣ ತೀರ್ಮಾನಿಸುತ್ತದೆ. ಬಣ್ಣ ಹೆಕ್ಕುವ ಐಡ್ರಾಪರ್ ಉಪಕರಣ ಆ ಜಾಗದ ಅಂಕಿಯನ್ನು ಹೇಳುತ್ತದೆಯೇ ಹೊರತು ನೆರೆಯವರ ಸುದ್ದಿ ಹೇಳುವುದಿಲ್ಲ.

ಎರಡೂ ದಡಗಳಲ್ಲಿ ಓಡಾಡಿದವರ ಪೈಕಿ ಹೆಚ್ಚು ಹೆಸರಾದದ್ದು ಬ್ರಿಟನ್ನಿನ ಡೇವಿಡ್ ಹಾಕ್ನಿ. 1987ರಲ್ಲಿ ಬಿಬಿಸಿ ಕಾರ್ಯಕ್ರಮವೊಂದರಲ್ಲಿ 'ಕ್ವಾಂಟೆಲ್ ಪೇಂಟ್‌ಬಾಕ್ಸ್' ಯಂತ್ರದ ಮುಂದೆ ಕುಳಿತು ಬೆಳಕಿನಲ್ಲೇ ಚಿತ್ರ ಬರೆದಿದ್ದ ಅವನಿಗೆ, ಎಪ್ಪತ್ತು ದಾಟಿದ ಮೇಲೆ ಐಫೋನ್, ಆಮೇಲೆ ಐಪ್ಯಾಡ್ ಸಿಕ್ಕಿತು. 2011ರಲ್ಲಿ ಯಾರ್ಕ್‌ಷೈರಿನ ವೋಲ್ಡ್‌ಗೇಟ್ ಎಂಬ ಹಳ್ಳಿರಸ್ತೆಗೆ ವಸಂತ ಬರುವುದನ್ನು ಜನವರಿಯಿಂದ ಹಿಡಿದು ಐಪ್ಯಾಡಿನಲ್ಲಿ ಬರೆದ. ಮರುವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅದು ಒಂದೇ ಕೃತಿಯಾಗಿ ಪ್ರದರ್ಶನಗೊಂಡಾಗ ಅದರಲ್ಲಿ ಐವತ್ತೆರಡು ಭಾಗಗಳಿದ್ದವು. ಐವತ್ತೊಂದು ಐಪ್ಯಾಡ್ ಚಿತ್ರಗಳು. ಐವತ್ತೆರಡನೆಯದು, ಎಲ್ಲಕ್ಕಿಂತ ದೊಡ್ಡದು, ಮೂವತ್ತೆರಡು ಕ್ಯಾನ್ವಾಸುಗಳನ್ನು ಜೋಡಿಸಿ ಎಣ್ಣೆಬಣ್ಣದಲ್ಲಿ ಬರೆದದ್ದು.

ಟ್ಯಾಬ್ಲೆಟ್ಟಿನಲ್ಲಿ ಬರೆಯುವ ಹುಡುಗಿಯೊಬ್ಬಳು ಬೆಂಗಳೂರಿನ ಯಾವುದೋ ಅಂಗಡಿಯಲ್ಲಿ ನಾಲ್ಕು ಕೊಳವೆ ಬಣ್ಣ, ಒಂದು ಸೀಸೆ ಅಗಸೆ ಎಣ್ಣೆ, ಸ್ವಲ್ಪ ಟರ್ಪೆಂಟೈನ್ ಕೊಂಡು ಮನೆಗೆ ಬಂದಳೆನ್ನಿ. ಕೊಳವೆ ಅವಳಿಗೆ ಸಲೀಸು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ರ್‍ಯಾಂಡ್ ತವರದ ಕೊಳವೆಗೆ ಪೇಟೆಂಟ್ ಪಡೆಯುವ ಮುಂಚೆ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು, ಚುಚ್ಚಿ ಹಿಂಡುತ್ತಿದ್ದರು. ಹೂಜಿಯೊಂದನ್ನು ಕಿಟಕಿಯ ಬಳಿ ಇಟ್ಟು, ಕಪ್ಪು, ಕಾವಿಗಳನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಬೆಳಕು, ನೆರಳು ಗುರುತಿಸುತ್ತಾಳೆ. ಇನ್ನು ಬಣ್ಣ ಹಾಕಬೇಕು. ಹೊಸ ಲೇಯರ್ ತೆರೆಯುವ ಗುಂಡಿ ಇಲ್ಲಿಲ್ಲ. ಹಸಿ ತಳದ ಮೇಲೆ ಕೆಂಪು ಇಟ್ಟರೆ ಎರಡೂ ಕಲಸಿ ರಾಡಿಯಾಗುತ್ತದೆ. ಕುಂಚ ತೊಳೆದಿಟ್ಟು, ಕ್ಯಾನ್ವಾಸನ್ನು ಗೋಡೆಗೆ ತಿರುಗಿಸಿ ನಿಲ್ಲಿಸುತ್ತಾಳೆ. ಹೊರಗೆ ಜುಲೈ ತಿಂಗಳ ಸೋನೆ ಮಳೆ. ತಂಪು, ತೇವದ ಗಾಳಿಯಲ್ಲಿ ಬಣ್ಣ ಒಣಗುವುದು ಇನ್ನೂ ನಿಧಾನ. ನಾಳೆ ಬೆಳಿಗ್ಗೆ ಎದ್ದು ಒಂದು ಮೂಲೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಬೇಕು.